ತೋಟದ ಕೆಲಸ ವ್ಯಾಯಾಮದ ಲೆಕ್ಕಕ್ಕೆ ಬರುತ್ತದೆಯೇ? ದೀರ್ಘಕಾಲದ ಕಾಯಿಲೆ ಮತ್ತು ಮೈದಣಿವಿನ ಸಂಶೋಧನೆಗಳ ಕುರಿತು

ಅಡಿಕೆಮನೆ:

ನಮ್ಮ ತಾಯಿಗೆ ಈಗ 61 ವರ್ಷ. ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಎರಡು ಎಕರೆ ಅಡಿಕೆ ತೋಟ, ಎರಡು ಹಸು, ಒಂದು ಹಳೆಯ ಮನೆ; ಇಷ್ಟನ್ನೂ ಹೆಚ್ಚುಕಡಿಮೆ ಅವರೊಬ್ಬರೇ ನಿಭಾಯಿಸುತ್ತಾರೆ. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಎರಡು ವರ್ಷಗಳಿಂದ ರಕ್ತದೊತ್ತಡಕ್ಕೂ ಮಾತ್ರೆ ನಡೆದಿದೆ. ಕಳೆದ ತಿಂಗಳು ಪೇಟೆಯ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದಾಗ, ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ 8.4 ಬಂದಿತ್ತು. ವೈದ್ಯರು ಚೀಟಿಯ ಕೊನೆಯಲ್ಲಿ "ದಿನಾ 45 ನಿಮಿಷ ವಾಕಿಂಗ್" ಎಂದು ಬರೆದು ಮುಂದಿನವರನ್ನು ಕರೆದರು. ಈಕೆ ದಿನವಿಡೀ ಏನು ಕೆಲಸ ಮಾಡುತ್ತಾರೆ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಆಡಿದ ಮಾತು ಇದು: "ಬೆಳಗಾದ್ರೆ ತೋಟ, ಸಂಜೆ ಆದ್ರೆ ಕೊಟ್ಟಿಗೆ. ಇದರ ಮೇಲೆ ರಸ್ತೆಲಿ ಕೈ ಬೀಸ್ಕೊಂಡು ಹೋಗದು ಬೇರೆ ಬಾಕಿ ಇತ್ತು. ನೋಡಿದವ್ರು ಎಂತ ಹೇಳ್ತಾರೆ?"

ನನಗೆ ಉತ್ತರ ಹೊಳೆಯಲಿಲ್ಲ. ಅವರ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಆದರೆ ಅಷ್ಟೆಲ್ಲ ದುಡಿಯುವವರಿಗೆ ಸಕ್ಕರೆ ಹತೋಟಿಗೆ ಬರದಿರುವುದು ಏಕೆ ಎಂಬ ಪ್ರಶ್ನೆಯೂ ಹಾಗೆಯೇ ಉಳಿಯಿತು. ದುಡಿಮೆಯ ದಣಿವು ಮತ್ತು ವ್ಯಾಯಾಮದ ದಣಿವು ಒಂದೇ ಎಂದು ಸಂಶೋಧನೆಗಳು ಹೇಳುತ್ತವೆಯೇ, ಬೇರೆ ಎನ್ನುತ್ತವೆಯೇ? ಈ ವಿಷಯವನ್ನು ಓದಿಕೊಂಡವರು ಇಲ್ಲಿದ್ದಾರೆಂದು ಗೊತ್ತಿರುವುದರಿಂದ ಕೇಳುತ್ತಿದ್ದೇನೆ. ಮಾತ್ರೆಯ ವಿಚಾರವನ್ನು ವೈದ್ಯರ ಬಳಿಯೇ ಕೇಳಿಕೊಳ್ಳುತ್ತೇನೆ.

ನಾಡಿಮಿಡಿತ:

ಅಡಿಕೆಮನೆಯವರೇ, ನಾನು ವೈದ್ಯಕೀಯ ಕಾಲೇಜೊಂದರಲ್ಲಿ ಶರೀರಕ್ರಿಯಾಶಾಸ್ತ್ರವನ್ನು ಕಲಿಸಿ ನಿವೃತ್ತನಾದವನು. ನಿಮ್ಮ ತಾಯಿಯವರ ಪ್ರಶ್ನೆ ಈ ಇಡೀ ಶಾಸ್ತ್ರ ಹುಟ್ಟಿದ ಜಾಗಕ್ಕೇ ಹೋಗಿ ಮುಟ್ಟುತ್ತದೆ. ಕಾಯಿಲೆಗೂ ಮೈಚಲನೆಗೂ ಇರುವ ನಂಟನ್ನು ಮೊದಲು ಅಂಕಿಅಂಶಗಳಲ್ಲಿ ತೋರಿಸಿಕೊಟ್ಟವರು ಜಿಮ್ಮಿಗೆ ಹೋಗುವವರಲ್ಲ, ಹೊಟ್ಟೆಪಾಡಿಗಾಗಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಲಂಡನ್ನಿನ ಬಸ್ ಕಂಡಕ್ಟರುಗಳು.

ಜೆರ್ರಿ ಮಾರಿಸ್ ಎಂಬ ವೈದ್ಯರು ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಆಗಷ್ಟೇ ಏರುತ್ತಿದ್ದ ಹೃದಯಾಘಾತಗಳ ಕಾರಣವನ್ನು ಹುಡುಕಲು ಹೊರಟರು. ಲಂಡನ್ನಿನ ಸಾರಿಗೆ ಸಂಸ್ಥೆಯಲ್ಲಿ ದುಡಿಯುತ್ತಿದ್ದ, 35ರಿಂದ 64 ವರ್ಷದೊಳಗಿನ ಸುಮಾರು 31,000 ಗಂಡಸರ ದಾಖಲೆಗಳನ್ನು ಅವರು ನೋಡಿದರು. ಎರಡಂತಸ್ತಿನ ಬಸ್ಸಿನಲ್ಲಿ ಚಾಲಕ ತನ್ನ ಪಾಳಿಯ ಬಹುಪಾಲು ಹೊತ್ತು ಕುಳಿತೇ ಇರುತ್ತಾನೆ. ಕಂಡಕ್ಟರ್ ಅದೇ ಬಸ್ಸಿನಲ್ಲಿ, ಅದೇ ಹೊಗೆಯಲ್ಲಿ, ಹೆಚ್ಚುಕಡಿಮೆ ಅದೇ ವರ್ಗದ ಮನೆಯಿಂದ ಬಂದವನಾಗಿ, ದಿನಕ್ಕೆ 500ರಿಂದ 750 ಮೆಟ್ಟಿಲುಗಳನ್ನು ಹತ್ತುತ್ತಾನೆ. 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದ ಪ್ರಕಾರ ಕಂಡಕ್ಟರುಗಳಲ್ಲಿ ಹೃದಯದ ರಕ್ತನಾಳದ ಕಾಯಿಲೆ ಕಡಿಮೆ ಇತ್ತು. ಬಂದರೂ ತಡವಾಗಿ ಬರುತ್ತಿತ್ತು, ಬಂದದ್ದು ಅಷ್ಟು ಮಾರಕವಾಗಿರುತ್ತಿರಲಿಲ್ಲ. ನಡೆದು ಟಪಾಲು ಹಂಚುವವರಿಗೂ ಕಚೇರಿಯಲ್ಲಿ ಕುಳಿತ ಗುಮಾಸ್ತರಿಗೂ ನಡುವೆ ಇದೇ ಬಗೆಯ ಅಂತರವಿತ್ತು. ಎಂದರೆ ನಿಮ್ಮ ತಾಯಿಯವರ ವಾದಕ್ಕೆ ಎಪ್ಪತ್ತು ವರ್ಷಗಳ ಹಿಂದೆಯೇ ಸಾಕ್ಷಿ ಸಿಕ್ಕಿತ್ತು.

ಆದರೆ ಮಾರಿಸ್ ತಮ್ಮ ಫಲಿತಾಂಶವನ್ನು ತಾವೇ ಅನುಮಾನಿಸಿದರು. ನನಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿದ್ದೇ ಅಲ್ಲಿ. 1956ರಲ್ಲಿ ಅವರೂ ಅವರ ಸಂಗಡಿಗರೂ ಸಾರಿಗೆ ಸಂಸ್ಥೆ ನೌಕರರಿಗೆ ಹೊಲಿಸಿಕೊಡುತ್ತಿದ್ದ ಸಮವಸ್ತ್ರದ ಅಳತೆಗಳನ್ನು ತರಿಸಿಕೊಂಡು, ಷರಾಯಿಯ ಸೊಂಟದ ಸುತ್ತಳತೆಯನ್ನು ಹೋಲಿಸಿ ನೋಡಿದರು. ಸಮವಯಸ್ಕ ಕಂಡಕ್ಟರುಗಳಿಗಿಂತ ಚಾಲಕರ ಸೊಂಟ ದಪ್ಪವಾಗಿತ್ತು. ಕುಳಿತು ಕುಳಿತು ದಪ್ಪವಾದರೋ, ದಪ್ಪಗಿದ್ದವರೇ ಕುಳಿತು ಮಾಡುವ ಕೆಲಸವನ್ನು ಆರಿಸಿಕೊಂಡರೋ? ಈ ಪ್ರಶ್ನೆ ಇಂದಿಗೂ ಈ ಕ್ಷೇತ್ರದ ಬೆನ್ನು ಬಿಟ್ಟಿಲ್ಲ. ಮುಂದೆ ಅವರು ಕಚೇರಿಯ ಸರ್ಕಾರಿ ನೌಕರರತ್ತ ತಿರುಗಿದರು. ಎಲ್ಲರೂ ಕುಳಿತೇ ಕೆಲಸ ಮಾಡುವವರಾದ್ದರಿಂದ ಬಿಡುವಿನ ವೇಳೆಯಲ್ಲಿ ಯಾರು ಏನು ಮಾಡುತ್ತಾರೆಂಬುದಷ್ಟೇ ವ್ಯತ್ಯಾಸವಾಗಿ ಉಳಿಯುತ್ತದೆ. 16,882 ನೌಕರರು ಒಂದು ಸೋಮವಾರ ಬೆಳಿಗ್ಗೆ, ಹಿಂದಿನ ಶುಕ್ರವಾರ ಮತ್ತು ಶನಿವಾರ ತಾವು ಏನೇನು ಮಾಡಿದೆವು ಎಂಬುದನ್ನು ಬರೆದುಕೊಟ್ಟರು. ಏದುಸಿರು ಬರುವಷ್ಟು ಬಿರುಸಿನ ಚಟುವಟಿಕೆ ಇದ್ದವರಿಗೆ ಹೃದಯಾಘಾತ ಬಹಳ ಕಡಿಮೆ ಎಂದು 1973ರ ವರದಿ ಹೇಳಿತು. "ವ್ಯಾಯಾಮ" ಎಂದರೆ ಬಿಡುವಿನ ವೇಳೆಯದು ಎಂಬ ಭಾವನೆ ಬಲಿತದ್ದು ಇಂಥ ಅಧ್ಯಯನಗಳಿಂದ. ವೈದ್ಯರ ಚೀಟಿಯ "ವಾಕಿಂಗ್" ಆ ಪರಂಪರೆಯ ಮೊಮ್ಮಗು.

ನಮ್ಮ ಕಡೆಗೆ ಹೆಚ್ಚು ಹೊಂದುವುದು 2017ರಲ್ಲಿ ಬಂದ ಪ್ಯೂರ್ ಅಧ್ಯಯನ. ಭಾರತವೂ ಸೇರಿ 17 ದೇಶಗಳ 1,30,843 ಜನರನ್ನು ಸುಮಾರು ಏಳು ವರ್ಷ ಹಿಂಬಾಲಿಸಿದ ಕೆಲಸ ಅದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಅದರ ಕೇಂದ್ರಗಳಲ್ಲೊಂದು. ಅದರಲ್ಲಿ ಆಟ ಮತ್ತು ವಾಕಿಂಗಿನ ಜೊತೆಗೆ ಹೊಲದ ಕೆಲಸ, ಮನೆಗೆಲಸ, ಕೆಲಸಕ್ಕಾಗಿ ನಡೆದ ದಾರಿ, ಎಲ್ಲವನ್ನೂ ಕೇಳಿ ಬರೆದುಕೊಂಡರು. ಬಿಡುವಿನ ವ್ಯಾಯಾಮವೂ ಬಿಡುವಿಲ್ಲದ ದುಡಿಮೆಯೂ ಎರಡೂ ಕಡಿಮೆ ಸಾವು ಮತ್ತು ಕಡಿಮೆ ಹೃದ್ರೋಗದೊಂದಿಗೆ ಹೊಂದಿಕೊಂಡಿದ್ದವು. ಹಾಗಾಗಿ ನನ್ನ ಉತ್ತರ: ಲೆಕ್ಕಕ್ಕೆ ಬರುತ್ತದೆ.

ಹಳೇಕಂಡಕ್ಟರ್:

ಮೇಷ್ಟ್ರ ಬರಹವನ್ನು ಎರಡು ಸಲ ಓದಿದೆ. ನಾನು 29 ವರ್ಷ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹರಿದವನು. ಲಂಡನ್ನಿನ ಕಂಡಕ್ಟರಿಗೆ ಮೆಟ್ಟಿಲಿದ್ದವು. ನಮಗೆ ಇದ್ದದ್ದು ನೂಕುನುಗ್ಗಲು. ಸಂತೆಯ ದಿನ ಹಿಂಬಾಗಿಲಿನಿಂದ ಮುಂಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಅಂಗಿ ಒದ್ದೆಯಾಗುತ್ತಿತ್ತು. ಹಾಗಿದ್ದರೂ 57ನೆಯ ವಯಸ್ಸಿನಲ್ಲಿ ನನಗೆ ಹೃದಯಾಘಾತವಾಯಿತು, ಒಂದು ಸ್ಟೆಂಟ್ ಹಾಕಿದರು. ನನ್ನ ಜೊತೆಯ ಚಾಲಕ ನನಗಿಂತ ನಾಲ್ಕು ವರ್ಷ ದೊಡ್ಡವನು, ಇಂದಿಗೂ ಗಟ್ಟಿಮುಟ್ಟಾಗಿದ್ದಾನೆ. ಒಬ್ಬಿಬ್ಬರ ಕಥೆಯಿಂದ ಏನನ್ನೂ ಸಾಧಿಸಲಾಗದು ಎಂದು ನನಗೂ ತಿಳಿದಿದೆ. ಆದರೂ ಹೇಳದಿದ್ದರೆ ಸಮಾಧಾನವಿರುವುದಿಲ್ಲ.

ಒಂದು ಮಾತನ್ನು ಸೇರಿಸುತ್ತೇನೆ. ಕಂಡಕ್ಟರ್ ಕೆಲಸವೆಂದರೆ ಬರೀ ಓಡಾಟವಲ್ಲ. ಚಿಲ್ಲರೆ ಜಗಳ, ತನಿಖಾಧಿಕಾರಿಯ ಭಯ, ಹೊತ್ತುಹೊತ್ತಿಗೆ ಊಟವಿಲ್ಲ, ರಾತ್ರಿ ತಂಗುವ ಊರಿನಲ್ಲಿ ಬಸ್ಸಿನ ಸೀಟಿನ ಮೇಲೇ ನಿದ್ದೆ. ಮೈ ದಣಿಯುತ್ತಿದ್ದುದು ನಿಜ, ಆದರೆ ಆ ದಣಿವಿಗೆ ವಿಶ್ರಾಂತಿ ಇರಲಿಲ್ಲ. ಬೆಳಗಿನ ವಾಯುವಿಹಾರಕ್ಕೆ ಹೋಗುವವರ ದಣಿವೂ ನನ್ನದೂ ಒಂದೇ ಆಗಿರಲು ಹೇಗೆ ಸಾಧ್ಯ?

ಇನ್ನೊಂದು ಪ್ರಶ್ನೆಯಿದೆ. ಸ್ಟೆಂಟ್ ಹಾಕಿದ ಮೇಲೆ ಮನೆಯವರೆಲ್ಲ ಸೇರಿ ನನ್ನನ್ನು ಎರಡು ತಿಂಗಳು ಮಂಚದಿಂದ ಇಳಿಯಲು ಬಿಡಲಿಲ್ಲ. ಅದು ಸರಿಯಾಗಿತ್ತೇ?

ಸೈಕಲ್‌ದಾರಿ:

ನಾನು ಹನ್ನೊಂದು ವರ್ಷಗಳಿಂದ ಕೋಪನ್‌ಹೇಗನ್ನಿನಲ್ಲಿದ್ದೇನೆ, ಮೂಲ ಧಾರವಾಡ. ಹಳೇಕಂಡಕ್ಟರ್ ಅವರು ಅನುಭವದಿಂದ ಹೇಳಿದ ಮಾತನ್ನೇ ಇಲ್ಲಿನ ಸಂಶೋಧಕರು "ದೈಹಿಕ ಚಟುವಟಿಕೆಯ ವಿರೋಧಾಭಾಸ" ಎಂದು ಕರೆಯುತ್ತಾರೆ. ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಸಂಗಡಿಗರು ಈ ನಗರದ ಹಾಗೂ ಸುತ್ತಲಿನ 1,04,046 ಜನರನ್ನು ಸರಾಸರಿ ಹತ್ತು ವರ್ಷ ಹಿಂಬಾಲಿಸಿ 2021ರಲ್ಲಿ ವರದಿ ಪ್ರಕಟಿಸಿದರು. ಬಿಡುವಿನ ವೇಳೆಯಲ್ಲಿ ಮೈ ದಣಿಸಿದಷ್ಟೂ ಹೃದಯಾಘಾತ ಮತ್ತು ಸಾವು ಕಡಿಮೆಯಾದವು. ಕೆಲಸದಲ್ಲಿ ಮೈ ದಣಿಸಿದಷ್ಟೂ ಅವು ಹೆಚ್ಚಾದವು: ಅತ್ಯಂತ ಹೆಚ್ಚು ದೈಹಿಕ ಶ್ರಮದ ಕೆಲಸ ಮಾಡುವವರಲ್ಲಿ, ಕಡಿಮೆ ಶ್ರಮದವರಿಗೆ ಹೋಲಿಸಿದರೆ, ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಶೇ. 35ರಷ್ಟು ಮತ್ತು ಸಾವು ಶೇ. 27ರಷ್ಟು ಹೆಚ್ಚಾಗಿದ್ದವು. ಧೂಮಪಾನ, ಓದು, ಆದಾಯ ಮುಂತಾದವುಗಳನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೂ ಅಂತರ ಅಳಿಯಲಿಲ್ಲ.

ಇದಕ್ಕೆ ಅವರು ಕೊಡುವ ಕಾರಣಗಳು ಕೇಳುವಂತಿವೆ. ವ್ಯಾಯಾಮದಲ್ಲಿ ಹೃದಯ ಅರ್ಧ ಗಂಟೆ ಜೋರಾಗಿ ಬಡಿದು ಬಳಿಕ ಇಡೀ ದಿನ ನಿಧಾನವಾಗುತ್ತದೆ. ಕೂಲಿಯ ಕೆಲಸದಲ್ಲಿ ಎಂಟು ಗಂಟೆಯೂ ಸ್ವಲ್ಪ ಸ್ವಲ್ಪ ಏರಿಯೇ ಇರುತ್ತದೆ. ಭಾರ ಎತ್ತುವಾಗ, ಒಂದೇ ಭಂಗಿಯಲ್ಲಿ ಬಗ್ಗಿ ನಿಂತಾಗ ರಕ್ತದೊತ್ತಡ ಏರುತ್ತದೆ, ಮತ್ತು ಅದು ದಿನಕ್ಕೆ ನೂರಾರು ಸಲ ನಡೆಯುತ್ತದೆ. ಹೃದಯ ಮತ್ತು ಶ್ವಾಸಕೋಶದ ಶಕ್ತಿಯನ್ನು ಹೆಚ್ಚಿಸುವಷ್ಟು ಬಿರುಸು ಅದರಲ್ಲಿಲ್ಲ, ಸುಧಾರಿಸಿಕೊಳ್ಳಲು ಬಿಡುವೂ ಇಲ್ಲ. ಯಾವಾಗ ನಿಲ್ಲಿಸಬೇಕು ಎಂಬ ಹಿಡಿತ ಕೆಲಸಗಾರನ ಕೈಯಲ್ಲಿರುವುದಿಲ್ಲ. ತೋಟದ ಒಡತಿಯಾದ ನಿಮ್ಮ ತಾಯಿಯವರಿಗೆ ಕಡೆಯ ಪಕ್ಷ ಆ ಹಿಡಿತವಿದೆ. ಅವರ ತೋಟಕ್ಕೆ ಬರುವ ಆಳಿಗೆ ಅದಿಲ್ಲ.

ಲೆಕ್ಕದಮೇಷ್ಟ್ರು:

ಇಲ್ಲಿ ಸ್ವಲ್ಪ ನಿಲ್ಲೋಣ. ನಾನು ಸಂಖ್ಯಾಶಾಸ್ತ್ರದವನು, ವೈದ್ಯನಲ್ಲ. ನಾಡಿಮಿಡಿತ ಅವರ ಪ್ಯೂರ್ ಒಂದು ಮಾತು ಹೇಳುತ್ತದೆ, ಸೈಕಲ್‌ದಾರಿ ಅವರ ಕೋಪನ್‌ಹೇಗನ್ ಅದಕ್ಕೆ ತದ್ವಿರುದ್ಧ ಹೇಳುತ್ತದೆ. ಅದೇ 2021ರಲ್ಲಿ ನಾರ್ವೆಯ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಿಂದ ಬಂದ ಅಧ್ಯಯನದಲ್ಲಿ, ಮೈಮುರಿದು ದುಡಿಯುವ ಗಂಡಸರು ಕುಳಿತು ದುಡಿಯುವವರಿಗಿಂತ ಕಡಿಮೆ ಬದುಕುತ್ತಾರೆ ಎಂಬ ಮಾತಿಗೆ ಬೆಂಬಲ ಸಿಗಲಿಲ್ಲ. ಫಲಿತಾಂಶ ಇನ್ನೊಂದು ಕಡೆಗೇ ವಾಲಿತ್ತು. ಡೆನ್ಮಾರ್ಕಿನಲ್ಲಿ ಕೂಲಿ ಕೆಲಸಕ್ಕೆ ಹೋಗುವವರು ಯಾರು? ಓದು ಕಡಿಮೆ, ಆದಾಯ ಕಡಿಮೆ, ಬಾಲ್ಯದಿಂದಲೂ ಕಷ್ಟ ಹೆಚ್ಚು. "ಸರಿದೂಗಿಸಿದ್ದೇವೆ" ಎಂದಾಗ ಅಳೆಯಲು ಸಿಕ್ಕಿದ್ದನ್ನು ಮಾತ್ರ ಸರಿದೂಗಿಸಿರುತ್ತಾರೆ. ಅಳೆಯದೆ ಉಳಿದ ಬಡತನ ಅಂಕಿಯೊಳಗೆ ಹಾಗೆಯೇ ಕುಳಿತಿರುತ್ತದೆ.

ಈ ಗೋಜಲಿನಿಂದ ಹೊರಬರುವ ಒಂದೇ ದಾರಿಯೆಂದರೆ ಚೀಟಿ ಎತ್ತಿ ಜನರನ್ನು ಗುಂಪುಗಳಾಗಿ ಹಂಚುವ ಪ್ರಯೋಗ. ಸಕ್ಕರೆ ಕಾಯಿಲೆಗೆ ಅಂಥವು ಇವೆ. ಚೀನಾದ ದಾಚಿಂಗ್ ನಗರದಲ್ಲಿ 1986ರಲ್ಲಿ, ಕಾಯಿಲೆಯ ಹೊಸ್ತಿಲಲ್ಲಿದ್ದ 577 ಜನರನ್ನು 33 ಚಿಕಿತ್ಸಾಲಯಗಳ ಮೂಲಕ ಆಹಾರ, ವ್ಯಾಯಾಮ, ಎರಡೂ, ಏನೂ ಇಲ್ಲ ಎಂದು ಹಂಚಿದರು. ಆರು ವರ್ಷ ಕಳೆಯುವಷ್ಟರಲ್ಲಿ ಏನೂ ಇಲ್ಲದ ಗುಂಪಿನಲ್ಲಿ ಶೇ. 67.7 ಜನರಿಗೆ ಕಾಯಿಲೆ ಬಂದರೆ ವ್ಯಾಯಾಮದ ಗುಂಪಿನಲ್ಲಿ ಶೇ. 41.1 ಜನರಿಗೆ ಬಂತು. ಅಮೆರಿಕದಲ್ಲಿ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಾರಕ್ಕೆ 150 ನಿಮಿಷದ ಚಟುವಟಿಕೆ ಮತ್ತು ತೂಕ ಇಳಿಕೆ ಸೇರಿ ಕಾಯಿಲೆಯ ಪ್ರಮಾಣವನ್ನು ಶೇ. 58ರಷ್ಟು ತಗ್ಗಿಸಿದವು, ಮೆಟ್‌ಫಾರ್ಮಿನ್ ಮಾತ್ರೆ ತಗ್ಗಿಸಿದ್ದು ಶೇ. 31.

ಅಡಿಕೆಮನೆಯವರ ಪ್ರಶ್ನೆಗೆ ನೇರವಾಗಿ ತಾಗುವುದು ಮೂರನೆಯದು. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಭಾರತೀಯ ಪ್ರಯೋಗ ಅದು. ಮೂರು ವರ್ಷಗಳಲ್ಲಿ ಸಲಹೆ ಸಿಗದ ಗುಂಪಿನಲ್ಲಿ ಶೇ. 55, ಜೀವನಶೈಲಿ ಬದಲಿಸಿದ ಗುಂಪಿನಲ್ಲಿ ಶೇ. 39.3 ಜನರಿಗೆ ಕಾಯಿಲೆ ಬಂತು, ಅದೂ ತೂಕ ಹೇಳಿಕೊಳ್ಳುವಷ್ಟು ಇಳಿಯದೆಯೇ. ಅದರ ವಿಧಾನದ ಭಾಗದಲ್ಲಿ ಒಂದು ಸಾಲಿದೆ, ಯಾರೂ ಗಮನಿಸುವುದಿಲ್ಲ: ಈಗಾಗಲೇ ದೈಹಿಕ ದುಡಿಮೆ ಮಾಡುತ್ತಿದ್ದವರಿಗೆ, ಅಥವಾ ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ನಡೆಯುವ, ಸೈಕಲ್ ತುಳಿಯುವ ಅಗತ್ಯವಿದ್ದವರಿಗೆ, ಇರುವುದನ್ನೇ ಮುಂದುವರಿಸಿ ಎಂದು ಹೇಳಲಾಗಿತ್ತು, ಬಿರುಸಾಗಿ ನಡೆಯಿರಿ ಎಂದು ಹೇಳಿದ್ದು ಕುಳಿತಿರುವವರಿಗೆ ಮಾತ್ರ. ನಿಮ್ಮ ಪೇಟೆಯ ಆಸ್ಪತ್ರೆಯಲ್ಲಿ ಕೇಳದೇ ಬಿಟ್ಟ ಪ್ರಶ್ನೆಯನ್ನು ಆ ಪ್ರಯೋಗದವರು ಮೊದಲೇ ಕೇಳಿದ್ದರು.

ಆದರೆ ಇವೆಲ್ಲ ಕಾಯಿಲೆ ಬರುವ ಮುಂಚಿನ ಮಾತು. ಬಂದ ಮೇಲಿನದಕ್ಕೆ ಅಮೆರಿಕದ ಲುಕ್ ಅಹೆಡ್ ಪ್ರಯೋಗವಿದೆ: ಸಕ್ಕರೆ ಕಾಯಿಲೆಯಿದ್ದ 5,145 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ವರ್ಷಗಟ್ಟಲೆ ಆಹಾರ ಮತ್ತು ವ್ಯಾಯಾಮದ ತರಬೇತಿ ಕೊಟ್ಟರೂ, ಉಳಿದವರಿಗೆ ಹೋಲಿಸಿದರೆ ಹೃದಯಾಘಾತಗಳು ಕಡಿಮೆಯಾಗಲಿಲ್ಲವೆಂದು ಅದನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ತೂಕ, ಸಕ್ಕರೆ, ಓಡಾಡುವ ಶಕ್ತಿ ಇವೆಲ್ಲ ಸುಧಾರಿಸಿದ್ದವು. ವ್ಯಾಯಾಮವನ್ನು ಸರ್ವರೋಗಕ್ಕೂ ಸಂಜೀವಿನಿ ಎಂದು ಬರೆಯುವವರು ಈ ಫಲಿತಾಂಶವನ್ನೂ ಪಕ್ಕದಲ್ಲಿ ಬರೆಯಬೇಕು.

ದಾರಿಹೋಕ:

ನಡಿಗೆಯ ಬದಲು ಯೋಗ ಮಾಡಿದರೆ ಆಗದೇ? ಅಂಗಳದ ಒಳಗೇ ಮಾಡಬಹುದಾದ್ದರಿಂದ ನೋಡುವವರ ಕಾಟವಿರುವುದಿಲ್ಲ.

ನಾಡಿಮಿಡಿತ:

ದಾರಿಹೋಕರಿಗೂ ಹಳೇಕಂಡಕ್ಟರ್ ಅವರಿಗೂ ಒಟ್ಟಿಗೇ ಉತ್ತರಿಸುತ್ತೇನೆ.

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯ ಮೇಲೆ ಮಲಗಿಸಿಟ್ಟರು. ಅವರ ದೇಹ ಗರಿಷ್ಠ ಎಷ್ಟು ಆಮ್ಲಜನಕವನ್ನು ಬಳಸಬಲ್ಲದು ಎಂಬ ಅಳತೆ ಕಾಲು ಭಾಗಕ್ಕಿಂತಲೂ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ಬಳಿಕ ಅದೇ ಐವರನ್ನು ಕರೆಸಿ ಅಳೆದಾಗ ಕಂಡದ್ದೇನೆಂದರೆ, ಐವತ್ತರ ವಯಸ್ಸಿನ ಸ್ಥಿತಿ ಇಪ್ಪತ್ತರಲ್ಲಿ ಮೂರು ವಾರ ಮಲಗಿದ ಮೇಲಿನ ಸ್ಥಿತಿಗಿಂತ ಯಾರಲ್ಲೂ ಕೆಟ್ಟದಾಗಿರಲಿಲ್ಲ. ಮೂವತ್ತು ವರ್ಷದ ಮುಪ್ಪು ಮಾಡದ ಹಾನಿಯನ್ನು ಮೂರು ವಾರದ ಮಂಚ ಮಾಡಿತ್ತು. ನಿಮ್ಮ ಮನೆಯವರದು ಪ್ರೀತಿಯೇ, ಕಂಡಕ್ಟರ್ ಸಾಹೇಬರೇ, ಆದರೆ ತೊಡಕಿಲ್ಲದ ಸ್ಟೆಂಟಿನ ಬಳಿಕ ವೈದ್ಯರ ನಿಗಾದಲ್ಲಿ ಬೇಗ ಎದ್ದು ಹಂತಹಂತವಾಗಿ ನಡೆಯಿಸುವುದೇ ಇಂದಿನ ಪದ್ಧತಿ.

ಯೋಗದ ಮೇಲೆ ನಮ್ಮ ದೇಶದಲ್ಲೇ ದೊಡ್ಡ ಪ್ರಯೋಗ ನಡೆದಿದೆ. ಹೃದಯಾಘಾತವಾದ 3,959 ಜನರನ್ನು 24 ಕೇಂದ್ರಗಳಲ್ಲಿ ಎರಡು ಗುಂಪಾಗಿ ಹಂಚಿದ ಯೋಗ-ಕೇರ್ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಯೋಗದ ಗುಂಪಿನವರು ಹಿಂದಿನ ದಿನಚರಿಗೆ ಹೆಚ್ಚು ಚೆನ್ನಾಗಿ ಮರಳಿದರು. ಮತ್ತೆ ಹೃದಯಾಘಾತವಾಗುವುದು, ಸಾವು ಮುಂತಾದವುಗಳಲ್ಲಿ ಖಚಿತವಾದ ಇಳಿಕೆ ಕಾಣಲಿಲ್ಲ. ಮಾಡಲು ಮನಸ್ಸಿದ್ದರೆ ಅವಶ್ಯವಾಗಿ ಮಾಡಲಿ. ಊಟದ ನಂತರದ ಸಕ್ಕರೆಗೆ ಮಾತ್ರ ಕಾಲಿನ ದೊಡ್ಡ ಸ್ನಾಯುಗಳು ಅಲುಗಾಡಲೇಬೇಕು.

ಮೊಣಕಾಲುಮಿತ್ರ:

ನಾನು ಫಿಸಿಯೋಥೆರಪಿ ವೃತ್ತಿಯಲ್ಲಿರುವವಳು. ಇಷ್ಟು ಹೊತ್ತು "ದುಡಿಮೆಯೋ ವ್ಯಾಯಾಮವೋ" ಎಂದು ಚರ್ಚೆ ನಡೆದಿದೆ. ಸ್ನಾಯುವಿಗೆ ಆ ಭೇದ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಷ್ಟು ಹೊತ್ತು, ಎಷ್ಟು ಬಿರುಸಾಗಿ ಸಂಕುಚಿಸಿದೆ, ನಡುವೆ ಎಷ್ಟು ಹೊತ್ತು ಸುಮ್ಮನಿದ್ದೆ ಎಂಬುದಷ್ಟೇ. ಊಟದ ಬಳಿಕ ರಕ್ತದಲ್ಲಿ ಏರಿದ ಸಕ್ಕರೆಯ ಬಹುಪಾಲನ್ನು ಇನ್ಸುಲಿನ್ ನೆರವಿನಿಂದ ಒಳಗೆ ಎಳೆದುಕೊಳ್ಳಬೇಕಾದದ್ದು ಸ್ನಾಯು. ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಬಾಗಿಲು ತಟ್ಟಿದರೂ ಅದಕ್ಕೆ ಸರಿಯಾಗಿ ಕೇಳಿಸುವುದಿಲ್ಲ. ಆದರೆ ಸ್ನಾಯು ಕೆಲಸ ಮಾಡುತ್ತಿರುವಾಗ, ಸಕ್ಕರೆಯನ್ನು ಒಳತರುವ ಗ್ಲೂಟ್-4 ಎಂಬ ಪ್ರೋಟೀನು ಇನ್ಸುಲಿನ್ ಕರೆಯದೆಯೇ ಜೀವಕೋಶದ ಅಂಚಿಗೆ ಬಂದು ನಿಲ್ಲುತ್ತದೆ. ಎಂದರೆ ಹಿತ್ತಿಲ ಬಾಗಿಲು ತೆರೆಯುತ್ತದೆ. ಕೆಲಸ ನಿಂತ ಮೇಲೂ ಒಂದೆರಡು ದಿನ ಸ್ನಾಯುವಿಗೆ ಇನ್ಸುಲಿನ್ನಿನ ದನಿ ಚೆನ್ನಾಗಿ ಕೇಳಿಸುತ್ತದೆ, ಬಳಿಕ ಮೊದಲಿನಂತಾಗುತ್ತದೆ. ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ ಎಂದು ಹೇಳುವುದು ಇದಕ್ಕಾಗಿಯೇ.

ಆದ್ದರಿಂದ ಅಡಿಕೆಮನೆಯವರೇ, ನಿಮ್ಮ ತಾಯಿ "ದಿನವಿಡೀ ದುಡಿಯುತ್ತಾರೆ" ಎಂಬ ಒಂದು ಮಾತು ನನಗೆ ಸಾಲದು. ಯಾವ ತಿಂಗಳು, ಯಾವ ಕೆಲಸ, ಎಷ್ಟು ಹೊತ್ತು ಕುಳಿತು, ಎಷ್ಟು ಹೊತ್ತು ನಿಂತು? ಇದೀಗ ಅಡಿಕೆ ಸುಲಿತದ ಕಾಲವಲ್ಲವೇ? ನನ್ನ ತವರೂ ಮಲೆನಾಡೇ. ಮೆಟ್ಟುಗತ್ತಿಯ ಮುಂದೆ ಬೆಳಗಿನ ಜಾವ ಕುಳಿತವರು ತಿಂಡಿಗೆ ಏಳುತ್ತಾರೆ, ಮತ್ತೆ ಕುಳಿತವರು ಊಟಕ್ಕೆ ಏಳುತ್ತಾರೆ, ರಾತ್ರಿ ಹತ್ತರವರೆಗೂ ಅದೇ. ಕೈಗೆ ದಣಿವು, ಬೆನ್ನಿಗೆ ನೋವು, ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿರುತ್ತಾರೆ. ತೊಡೆಯ ಸ್ನಾಯು ಮಾತ್ರ ದಿನವಿಡೀ ಮಲಗಿರುತ್ತದೆ. ಅದು ದುಡಿಮೆಯಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಸಕ್ಕರೆಯ ಲೆಕ್ಕದಲ್ಲಿ ಅದು ಬ್ಯಾಂಕಿನ ಗುಮಾಸ್ತರ ಕುರ್ಚಿಗೆ ಬಹಳ ಹತ್ತಿರ.

ಅಮೆರಿಕದ ಲೂಯಿಸಿಯಾನಾದಲ್ಲಿ ಸಕ್ಕರೆ ಕಾಯಿಲೆಯ 262 ಜನರ ಮೇಲೆ ಒಂಬತ್ತು ತಿಂಗಳು ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬರೀ ನಡಿಗೆಯಾಗಲಿ, ಬರೀ ಭಾರ ಎತ್ತುವುದಾಗಲಿ ಎಚ್‌ಬಿಎ1ಸಿಯನ್ನು ಖಚಿತವಾಗಿ ಇಳಿಸಲಿಲ್ಲ. ಎರಡೂ ಸೇರಿದ್ದು ಇಳಿಸಿತು. ಹೆಡಿಗೆ ಹೊರುವ ದಿನಗಳಲ್ಲಿ ನಿಮ್ಮ ತಾಯಿಗೆ ಭಾರ ಎತ್ತುವ ಕೆಲಸ ಸಿಗುತ್ತದೆ. ಸುಲಿತದ ದಿನಗಳಲ್ಲಿ ಸಿಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು, ಸುಲಿದ ಅಡಿಕೆಯನ್ನು ತಾವೇ ಬುಟ್ಟಿಯಲ್ಲಿ ಹೊತ್ತು ಹಂಡೆಯ ಬಳಿ ಸುರಿದು ಬರಲಿ. ಊಟವಾದ ಮೇಲೆ ಹದಿನೈದು ನಿಮಿಷ ನಡೆಯಲಿ. ದಿನಕ್ಕೊಮ್ಮೆ 45 ನಿಮಿಷ ನಡೆಯುವುದರ ಬದಲು ಮೂರು ಊಟದ ಬಳಿಕ ಹದಿನೈದು ಹದಿನೈದು ನಿಮಿಷ ನಡೆದರೆ ದಿನದ ಸಕ್ಕರೆಗೆ ಅಷ್ಟೇ ಪ್ರಯೋಜನವಿದೆ, ರಾತ್ರಿಯೂಟದ ಬಳಿಕ ಇನ್ನೂ ಮೇಲು ಎಂದು ವಯಸ್ಸಾದವರ ಮೇಲಿನ ಒಂದು ಪುಟ್ಟ ಅಧ್ಯಯನ 2013ರಲ್ಲಿ ತೋರಿಸಿತ್ತು. ಹತ್ತೇ ಜನರ ಮೇಲೆ ನಡೆದದ್ದು. ಲೆಕ್ಕದಮೇಷ್ಟ್ರು ಬೈಯುವ ಮೊದಲೇ ಹೇಳಿಬಿಡುತ್ತೇನೆ.

ಎರಡು ಎಚ್ಚರಿಕೆಗಳು. ಗ್ಲಿಮೆಪಿರೈಡ್ ಬಗೆಯ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಹೊಸದಾಗಿ ಚಟುವಟಿಕೆ ಹೆಚ್ಚಿಸುವಾಗ ಸಕ್ಕರೆ ತೀರಾ ಇಳಿಯಬಹುದು; ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಕೂಡಲೇ ಬೆಲ್ಲವೋ ಸಕ್ಕರೆಯೋ ಬಾಯಿಗೆ ಹಾಕಿಕೊಳ್ಳಬೇಕು, ವೈದ್ಯರಿಗೂ ತಿಳಿಸಬೇಕು. ಮತ್ತೊಂದು, ಬರಿಗಾಲು. ಎಂಟು ವರ್ಷದ ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಮಂಕಾಗಿರಬಹುದು, ಚುಚ್ಚಿದ್ದು ತಿಳಿಯದೇ ಹುಣ್ಣಾಗುತ್ತದೆ. ತೋಟಕ್ಕೆ ಚಪ್ಪಲಿ ಹಾಕಿಕೊಂಡು ಹೋಗಲು ಒಪ್ಪಿಸುವುದು ವಾಕಿಂಗಿಗೆ ಒಪ್ಪಿಸುವುದಕ್ಕಿಂತ ಕಷ್ಟವೆಂದು ನನ್ನ ಅನುಭವ.

ಅಡಿಕೆಮನೆ:

ಎಲ್ಲರಿಗೂ ಉತ್ತರಿಸಲು ಹತ್ತು ದಿನ ತಡವಾಯಿತು. ಮೊಣಕಾಲುಮಿತ್ರ ಅವರ ಪ್ರಶ್ನೆಗೆ ಬಾಯಿಮಾತಿನ ಉತ್ತರ ಬೇಡವೆಂದು, ಹೆಜ್ಜೆ ಎಣಿಸುವ ನನ್ನ ಹಳೆಯ ಫೋನನ್ನು ಅಮ್ಮನ ಎಲೆಅಡಿಕೆ ಚೀಲದೊಳಗೆ ಇಟ್ಟು, ಚೀಲವನ್ನು ಸೊಂಟಕ್ಕೇ ಸಿಕ್ಕಿಸಿಕೊಂಡಿರಲು ಕೇಳಿಕೊಂಡೆ. ಅಡಿಕೆಯ ಕೊನೆ ಕೊಯ್ಯುವವರು ಬಂದ ಎರಡು ದಿನ 9,000 ದಾಟಿತು. ಸುಲಿತದ ಐದು ದಿನಗಳಲ್ಲಿ ಒಮ್ಮೆಯೂ 2,600 ಮೀರಲಿಲ್ಲ. ನಾನು ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಮಾಡುವ ಹೆಜ್ಜೆಗಳು ಇದಕ್ಕಿಂತ ಹೆಚ್ಚು. ಅಮ್ಮನಿಗೆ ತೋರಿಸಿದಾಗ ಅವರು ನಂಬಲಿಲ್ಲ. ಫೋನು ಹಾಳಾಗಿದೆ ಎಂದರು. ಕೊಟ್ಟಿಗೆಯವರೆಗೆ ಅವರ ಜೊತೆ ನಡೆದು, ಒಂದೊಂದು ಹೆಜ್ಜೆಯನ್ನೂ ಬಾಯಲ್ಲಿ ಎಣಿಸಿ, ಫೋನಿನ ಲೆಕ್ಕದೊಂದಿಗೆ ತಾಳೆ ನೋಡಿದ ಮೇಲೆ ಸುಮ್ಮನಾದರು.

ರಸ್ತೆಯ ಮೇಲೆ ನಡೆಯಲು ಈಗಲೂ ಒಪ್ಪಿಲ್ಲ. ಆದರೆ ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿದೆ, ಸುತ್ತಮುತ್ತ ಎರಡು ಮನೆಗಳಲ್ಲಿ ಕಳವಾಗಿದೆ. ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಅಡಿಕೆ ಕಾಯುವ ನೆಪದಲ್ಲಿ ಅಂಗಳದ ಸುತ್ತ ಹದಿನೈದು ನಿಮಿಷ ಸುತ್ತುತ್ತಿದ್ದಾರೆ. ಅದಕ್ಕೆ ಯಾರೂ ಏನೂ ಹೇಳುವುದಿಲ್ಲವಂತೆ. ಚಪ್ಪಲಿ ಹಾಕಿಕೊಳ್ಳುತ್ತಾರೆ, ಅಂಗಳದ ಹೊರಗಡೆ ಮಾತ್ರ, ಏಕೆಂದರೆ ಅಡಿಕೆ ಹರವಿದ ಜಾಗ ತುಳಿಯುವಂತಿಲ್ಲ. ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಇರುವುದರಿಂದ ವೈದ್ಯರಿಗೆ ಫೋನಿನಲ್ಲಿ ತಿಳಿಸಿದೆ. ಕಿಸೆಯಲ್ಲಿ ಬೆಲ್ಲದ ಚೂರು ಇರಲಿ, ಸಕ್ಕರೆ ಅಳೆದು ಬರೆದಿಡಿ ಎಂದರು. ಊಟವಾಗಿ ಎರಡು ಗಂಟೆಯ ನಂತರ ಗ್ಲುಕೋಮೀಟರಿನಲ್ಲಿ ನೋಡಿದ್ದು ನಡೆಯದ ದಿನ 231, ನಡೆದ ದಿನ 187. ಇದನ್ನು ನಂಬಬಹುದೇ?

ಲೆಕ್ಕದಮೇಷ್ಟ್ರು:

ಎರಡು ಅಂಕಿಗಳಿಂದ ನಂಬಲಾಗದು. ಆ ದಿನ ಅನ್ನ ಒಂದು ಸೌಟು ಕಡಿಮೆ ಬಿದ್ದಿದ್ದರೂ ಅಷ್ಟು ಅಂತರ ಬರುತ್ತದೆ, ಗ್ಲುಕೋಮೀಟರಿನದೇ ಏರುಪೇರು ಬೇರೆ ಇರುತ್ತದೆ. ಹತ್ತು ರಾತ್ರಿ ಹೀಗೆ ಮಾಡಿ ನೋಡಿ: ಸಂಜೆ ಒಂದು ನಾಣ್ಯ ಚಿಮ್ಮಿ, ತಲೆ ಬಿದ್ದರೆ ಅಮ್ಮ ಅಂಗಳ ಸುತ್ತಲಿ, ಬಾಲ ಬಿದ್ದರೆ ಆ ಹೊತ್ತು ನೀವು ಅಡಿಕೆ ಕಾಯಿರಿ. ಊಟ ಎರಡೂ ಬಗೆಯ ದಿನ ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿರಲಿ. ಮೊದಲ ತುತ್ತಿನಿಂದ ಎರಡು ಗಂಟೆ ಎಣಿಸಿ. ಬೆರಳನ್ನು ಸೋಪಿನಿಂದ ತೊಳೆದು ಒರೆಸಿದ ಮೇಲೆಯೇ ಚುಚ್ಚಿ, ಏಕೆಂದರೆ ಬೆರಳಿಗೆ ಹತ್ತಿದ ಬೆಲ್ಲದ ಅಂಟೂ ಅಂಕಿಯನ್ನು ಏರಿಸುತ್ತದೆ. ಹತ್ತೂ ಅಂಕಿಗಳನ್ನು ಇಲ್ಲಿ ಹಾಕಿ. ನೋಡೋಣ.

ಅಡಿಕೆಮನೆ:

ಆಗಲಿ ಮೇಷ್ಟ್ರೇ. ನಾಣ್ಯ ಚಿಮ್ಮುವ ವಿಚಾರ ಅಮ್ಮನಿಗೆ ಹೇಳಿದೆ. ಬಾಲ ಬಿದ್ದ ದಿನ ತಾವು ಮನೆಯೊಳಗೇ ಕುಳಿತಿರಬೇಕೆಂದರೆ, ಆ ಹೊತ್ತಿನಲ್ಲಿ ಒಂದಷ್ಟು ಅಡಿಕೆ ಸುಲಿಯಬಹುದೇ ಎಂದು ಕೇಳುತ್ತಿದ್ದಾರೆ.